ನಂಬಿಕೆ ಬೇರೆಯಾದರೂ ನಂಟು ಉಳಿಯಲಿ



ರಾಮನಗರ, ಚನ್ನಪಟ್ಟಣದಿಂದ ಬೆಂಗಳೂರಿಗೆ ಓದಲು ಹೋದ ನಮ್ಮ ಮಕ್ಕಳಲ್ಲಿ ಒಬ್ಬಿಬ್ಬರು 'ನನಗೆ ನಂಬಿಕೆಯಿಲ್ಲ' ಎಂದುಬಿಡುತ್ತಾರೆ. ಅಂದಿನಿಂದ ಮನೆಯಲ್ಲಿ ಮಾತು ನಿಲ್ಲುತ್ತದೆ. ಈದ್‌ಗೂ ಮಗ ಊರಿಗೆ ಬರುವುದಿಲ್ಲ. ಇದರಿಂದ ದೀನ್ ಉಳಿಯಿತೇ?

ಹಜ್ರತ್ ಅಸ್ಮಾ (ರ) ಅವರ ತಾಯಿ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆಕೆ ಮಗಳನ್ನು ನೋಡಲು ಬಂದಾಗ, ಏನು ಮಾಡಲಿ ಎಂದು ಅಸ್ಮಾ ಪ್ರವಾದಿವರ್ಯರನ್ನು (ಸ) ಕೇಳಿದರು. ತಾಯಿಯೊಡನೆ ಸಂಬಂಧ ಉಳಿಸಿಕೊಳ್ಳಲು ಅಪ್ಪಣೆಯಾಯಿತು. ಬುಖಾರಿಯಲ್ಲಿರುವ ಈ ಹದೀಸನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ನಮ್ಮ ಮನೆಯ ವಿಷಯ ಬಂದಾಗ ಮಾತ್ರ ಮರೆಯುತ್ತೇವೆ!

ನಮ್ಮ ದೇಶದಲ್ಲೂ ಒಂದು ನಿದರ್ಶನವಿದೆ. ಗಾಂಧೀಜಿ ಪ್ರಾರ್ಥನೆ ಬಿಡದವರು. ಆಂಧ್ರದ ಗೋರಾ ನಾಸ್ತಿಕರು. ಗೋರಾ ಅವರ ಮಗಳ ಮದುವೆಯನ್ನು ದೇವರ ಹೆಸರೆತ್ತದೆ ಸೇವಾಗ್ರಾಮದಲ್ಲಿ ನಡೆಸಲು ಗಾಂಧೀಜಿ ಒಪ್ಪಿದ್ದರು. ಅವರ ಹತ್ಯೆಯ ನಂತರ, 1948ರಲ್ಲಿ, ಆ ಮದುವೆ ಅಲ್ಲಿಯೇ ನಡೆಯಿತು. ಇಬ್ಬರೂ ತಮ್ಮ ನಿಲುವು ಬಿಟ್ಟವರಲ್ಲ.

ವಿದ್ಯಾರ್ಥಿಗಳೇ, ನೀವು ನಂಬದಿದ್ದರೂ ಅಮ್ಮಿಯ ಕೈಯ ತಸ್ಬೀಹ್ ನೋಡಿ ನಗಬೇಡಿ. ಇಫ್ತಾರಿಗೆ ಬಂದು ದಸ್ತರ್‌ಖಾನ್ ಮುಂದೆ ಕೂತುಕೊಳ್ಳಿ. ಹಿರಿಯರೇ, ಆಗ 'ರೋಜಾ ಇದ್ದೀಯಾ?' ಎಂದು ಎಲ್ಲರೆದುರು ಕೇಳಬೇಡಿ. ಖರ್ಜೂರದ ತಟ್ಟೆಯನ್ನು ಅವನ ಕಡೆಗೂ ಸರಿಸಿ.