ಷರಾ ಕಾಲಮ್ಮಿನಲ್ಲಿ ಸಿಕ್ಕ ಹೆಸರುಗಳು

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಸಿರಿಧಾನ್ಯದ ಅಡುಗೆ ಬಗ್ಗೆ ಮಾತಾಗಿತ್ತು. ಈ ಸಲ ನನ್ನನ್ನು ಕರೆದು "ಸಂಘದ ಕಂಪ್ಯೂಟರಿನ ಕತೆ ಹೇಳು" ಅಂದಾಗ, ಊಟಕ್ಕೆ ಮುಂಚೆ ಇದನ್ನು ಯಾರು ಕೇಳುತ್ತಾರೆ ಅನ್ನಿಸಿತು. ಆದರೆ ನಿಮ್ಮಲ್ಲಿ ಅನೇಕರ ಹೆಸರು ಈ ಕತೆಯೊಳಗೆ ಇದೆ. ಅದಕ್ಕೇ ಧೈರ್ಯ ಮಾಡಿ ನಿಂತಿದ್ದೇನೆ.

ನಮ್ಮ ಸಂಘದ ಸದಸ್ಯರ ಪಟ್ಟಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಯಾರು ಯಾವ ಪುಸ್ತಕ ಒಯ್ದರು ಎನ್ನುವ ಎರವಲು ಲೆಕ್ಕ, ಇವೆಲ್ಲ ಒಂದೇ ಒಂದು ಫೈಲಿನಲ್ಲಿದ್ದವು. 2001ರಲ್ಲಿ ಆಕ್ಸೆಸ್ 97 ಎನ್ನುವ ತಂತ್ರಾಂಶದಲ್ಲಿ ಶುರುವಾದ ಫೈಲ್ ಅದು. ನಾವೆಲ್ಲ ಅಕ್ಕ ಎಂದೇ ಕರೆಯುವ ನಮ್ಮ ಹಿರಿಯ ಸದಸ್ಯೆ ಪ್ರತಿ ಭಾನುವಾರ ಬಂದು, ಗ್ರಂಥಾಲಯದ ಮೂಲೆಯಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದು. ಅವರಿಗೆ ಅದರ ಸಂಬಳ ಅಂದರೆ ಒಂದು ಕಟಿಂಗ್ ಚಹಾ.

ಹೋದ ವರ್ಷ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಪುಣ್ಯಕ್ಕೆ ಫೈಲಿನ ನಕಲು ಪೆನ್ ಡ್ರೈವಿನಲ್ಲಿತ್ತು. ಹೊಸ ಲ್ಯಾಪ್‌ಟಾಪ್ ಬಂತು, ಫೈಲ್ ಹಾಕಿದೆವು. ವಾರ್ಷಿಕ ಮಹಾಸಭೆಯ ಪತ್ರಗಳಿಗೆ ವಿಳಾಸ ಮುದ್ರಿಸಲು ಎಂದಿನಂತೆ ಎಕ್ಸೆಲ್‌ನಲ್ಲಿ ಗುಂಡಿ ಒತ್ತಿದರೆ, ಪ್ರೊವೈಡರ್ ಸಿಗುತ್ತಿಲ್ಲ ಎನ್ನುವ ಸಂದೇಶ. ಫೈಲ್ ಇದೆ, ಕೆಟ್ಟಿಲ್ಲ. ಆದರೆ ಓದುವವರಿಲ್ಲ.

ಇಲ್ಲಿ ಡ್ರೈವರ್ ಅಂದರೇನು ಅಂತ ಒಂದು ಮಾತು. ಊರಿಂದ ಬಂದ ಅತ್ತೆಗೆ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ, ಪಕ್ಕದ ಮನೆಯ ಕಾಕೂಗೆ ಮರಾಠಿ ಬಿಟ್ಟು ಬೇರೆ ಗೊತ್ತಿಲ್ಲ. ನಡುವೆ ನಾವು ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುತ್ತೇವಲ್ಲ, ಡ್ರೈವರ್ ಮಾಡುವುದೂ ಅದೇ ದುಭಾಷಿ ಕೆಲಸ. ನಮ್ಮ ಹಳೆಯ ಫೈಲಿನ ಭಾಷೆ ಬಲ್ಲ ದುಭಾಷಿಯ ಹೆಸರು ಜೆಟ್. ಅದು ಇರುವುದು 32 ಬಿಟ್‌ನಲ್ಲಿ ಮಾತ್ರ. ಹೊಸ ಲ್ಯಾಪ್‌ಟಾಪಿನ ಎಕ್ಸೆಲ್ 64 ಬಿಟ್. ಡ್ರೈವರ್ ಅನ್ನುವುದು ಕೇಳುವ ತಂತ್ರಾಂಶದ ಜೊತೆ ಒಂದೇ ಕೋಣೆಯಲ್ಲಿ ಕೂತು ಮಾತಾಡಬೇಕು. 64ರ ಕೋಣೆಗೆ 32ರವರಿಗೆ ಪ್ರವೇಶವಿಲ್ಲ.

ಜೆಟ್ ನಂತರ ಬಂದ ಏಸ್ ಎನ್ನುವ ಹೊಸ ಡ್ರೈವರ್ 64 ಬಿಟ್‌ನಲ್ಲೂ ಇದೆ. ಸರಿ ಅಂತ ಅದರಿಂದ ತೆರೆಯಲು ಹೋದೆ. ಇದು ಹಿಂದಿನ ಆವೃತ್ತಿಯಲ್ಲಿ ಮಾಡಿದ ಡೇಟಾಬೇಸ್, ತೆರೆಯಲಾಗದು ಅಂದಿತು. ಆಕ್ಸೆಸ್ 2013ರಿಂದ ಈಚೆಗೆ 97ರ ಫೈಲುಗಳನ್ನು ಓದುವುದನ್ನೇ ಬಿಟ್ಟಿದ್ದಾರೆ. ಅಂದರೆ ಹಳೆಯ ದುಭಾಷಿಗೆ ಒಳಗೆ ಬಿಡುವುದಿಲ್ಲ, ಹೊಸ ದುಭಾಷಿಗೆ ಭಾಷೆಯೇ ಗೊತ್ತಿಲ್ಲ.

ಮೂರು ಭಾನುವಾರ ನಾನು ಇದೇ ಜಗ್ಗಾಟದಲ್ಲಿ ಕಳೆದೆ. ಒಂದನ್ನು ತೆಗೆದೆ, ಇನ್ನೊಂದನ್ನು ಹಾಕಿದೆ. ನಮ್ಮ ಕೋಶಾಧಿಕಾರಿಗಳು ಪಾಪ, "ಹೊಸದನ್ನು ವಾಪಸ್ ಕೊಟ್ಟು ಒಂದು ಹಳೆಯ ಕಂಪ್ಯೂಟರನ್ನೇ ತಂದುಬಿಡೋಣವೇ?" ಅಂತ ಕೇಳಿದರು. ನಗಬೇಡಿ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಇಪ್ಪತ್ತು ವರ್ಷ ಡೇಟಾಬೇಸ್ ಕೆಲಸ ಮಾಡಿಯೇ ಸಂಬಳ ತಿಂದವಳು ನಾನು. ಆದರೂ ಬೀಗ ರಿಪೇರಿ ಮಾಡುತ್ತ ಕೂತು, ಒಳಗಿನ ಸಾಮಾನು ಹೊರಗೆ ತರಬೇಕು ಅನ್ನುವುದನ್ನೇ ಮರೆತಿದ್ದೆ.

ಕೊನೆಗೆ ದಾರಿ ಬದಲಿಸಿದೆ. ಆ ಫೈಲನ್ನು ಹೊಸ ಯಂತ್ರದಲ್ಲಿ ಓಡಿಸುವ ಹಟ ಬಿಟ್ಟು, ಒಳಗಿನ ಮಾಹಿತಿಯನ್ನೆಲ್ಲ ಸಾದಾ ಅಕ್ಷರಗಳಲ್ಲಿ ಹೊರತೆಗೆದು, ಬೇರೆ ಕಡೆ ಹೊಸದಾಗಿ ಕಟ್ಟುವುದು. ಲಿನಕ್ಸ್‌ನಲ್ಲಿ ಎಂಡಿಬಿ ಟೂಲ್ಸ್ ಅಂತ ಉಚಿತ ತಂತ್ರಾಂಶವಿದೆ. ಅದಕ್ಕೆ ಆಕ್ಸೆಸ್ ಬೇಡ, ಜೆಟ್ ಬೇಡ, ಏಸ್ ಬೇಡ. ಫೈಲನ್ನು ತಾನೇ ನೇರವಾಗಿ ಓದುತ್ತದೆ. ಒಳಗೆ ಎಷ್ಟು ಟೇಬಲ್ ಇವೆ ಎಂದು ಹೇಳುತ್ತದೆ, ಒಂದೊಂದನ್ನೂ ಸಿಎಸ್‌ವಿ ಫೈಲಾಗಿ ಬರೆದುಕೊಡುತ್ತದೆ. ಸಿಎಸ್‌ವಿ ಅಂದರೆ ಒಂದು ದಾಖಲೆಗೆ ಒಂದು ಸಾಲು, ನಡುನಡುವೆ ಅಲ್ಪವಿರಾಮ, ಅಷ್ಟೇ. ಯಾವ ಕಂಪ್ಯೂಟರಾದರೂ ಓದುತ್ತದೆ. ಮೊದಲು ಮೂಲ ಫೈಲಿನ ನಕಲು ಮಾಡಿ ಮೂಲವನ್ನು ಪಕ್ಕಕ್ಕಿಟ್ಟೆ. ಆಮೇಲೆ ಹೊರತೆಗೆಯುವುದು ಹತ್ತು ನಿಮಿಷದ ಕೆಲಸ. ಸರಿಯಾಗಿ ಬಂದಿದೆಯೇ ಎಂದು ನೋಡಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳಲ್ಲಿ ಕಂಡದ್ದನ್ನು ಹೇಳುತ್ತೇನೆ, ನಿಮ್ಮ ಮನೆಯ, ಆಫೀಸಿನ ಕೆಲಸಕ್ಕೂ ಬಂದೀತು.

ಮೊದಲನೆಯದು ತಾರೀಕು. ಹೊರಬಂದ ತಾರೀಕುಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ, ವರ್ಷಕ್ಕೆ ಎರಡೇ ಅಂಕಿ. ಹುಟ್ಟಿದ ವರ್ಷ 35 ಅಂದರೆ 1935ಓ 2035ಓ? ನಮ್ಮ ಅತಿ ಹಿರಿಯ ಸದಸ್ಯೆ ಇನ್ನೂ ಹುಟ್ಟಿಯೇ ಇಲ್ಲ ಎನ್ನುವ ಹಾಗಾಯಿತು. ವರ್ಷದ ನಾಲ್ಕೂ ಅಂಕಿ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರುವಂತೆ ಹೇಳಿ ಮತ್ತೆ ಹೊರತೆಗೆದೆ.

ಎರಡನೆಯದು ಎಕ್ಸೆಲ್. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಎಕ್ಸೆಲ್‌ನಲ್ಲಿ ತೆರೆಯುತ್ತದೆ. 0451 ಎನ್ನುವ ಪುಸ್ತಕ ಸಂಖ್ಯೆ 451 ಆಗುತ್ತದೆ. 022ರ ಸೊನ್ನೆ ಹಾರಿಹೋಗುತ್ತದೆ. ಹಾಗೇ ಸೇವ್ ಮಾಡಿದಿರೋ, ಹೋದ ಸೊನ್ನೆ ಹೋದ ಹಾಗೆ. ಡಬಲ್ ಕ್ಲಿಕ್ ಬೇಡ. ಎಕ್ಸೆಲ್ ಒಳಗಿಂದ ಇಂಪೋರ್ಟ್ ಮಾಡಿ, ಇಂಥ ಕಾಲಮ್ಮುಗಳು ಟೆಕ್ಸ್ಟ್ ಎಂದು ಹೇಳಿ.

ಮೂರನೆಯದು ಎಣಿಕೆ. ಸದಸ್ಯರ ಟೇಬಲಿನ ಸಾಲುಗಳನ್ನು ಎಣಿಸಿದರೆ ಇರಬೇಕಾದ್ದಕ್ಕಿಂತ ಹೆಚ್ಚು! ನೋಡಿದರೆ, ವಿಳಾಸ ಬರೆಯುವಾಗ ಅಕ್ಕ ಕಟ್ಟಡದ ಹೆಸರಾದ ಮೇಲೆ ಎಂಟರ್ ಒತ್ತಿ, ರಸ್ತೆಯ ಹೆಸರಾದ ಮೇಲೆ ಎಂಟರ್ ಒತ್ತಿ, ಲಕೋಟೆಯ ಮೇಲೆ ಬರೆದ ಹಾಗೇ ಬರೆದಿದ್ದರು. ಒಬ್ಬರದೇ ದಾಖಲೆ ಮೂರು ಸಾಲಿಗೆ ಹರಡಿತ್ತು.

ನಾಲ್ಕನೆಯದು ಕನ್ನಡ. ಆ ಕಾಲದ ಫೈಲಿನಲ್ಲಿ ಯೂನಿಕೋಡ್ ಇಲ್ಲ. ಇಂಗ್ಲಿಷಿನ ಚಿಹ್ನೆಗಳಿಗೆ ಕನ್ನಡ ಫಾಂಟಿನ ವೇಷ ಹಾಕಿದ್ದು. ವೇಷ ಕಳಚಿದರೆ ಬರೀ ಚಿತ್ರವಿಚಿತ್ರ ಗುರುತುಗಳು. ಅದನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರುಗಳಿವೆ. ಆದರೆ ಅರ್ಕಾವತ್ತಿನಲ್ಲಿ ಎಡವುವುದುಂಟು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ಆಮೇಲೆ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಅದು ಜಾಗ ಬದಲಿಸದಿದ್ದರೆ ಪಾರ್ವತಿ ಹೋಗಿ ಪಾವರ್ತಿ ಆಗುತ್ತಾಳೆ. ಯಂತ್ರ ಮಾಡಿದ್ದನ್ನು ಕಣ್ಣಿಂದ ಓದಿ ತಿದ್ದದೆ ಬೇರೆ ದಾರಿಯಿಲ್ಲ. ಅಕ್ಕನಿಗೆ ಈಗ ಕಣ್ಣು ಮಂಜು. ನಾನು ಓದುತ್ತಿದ್ದೆ, ಅವರು ಕೇಳಿ "ಅಲ್ವೇ, ಅದು ಹಾಗಲ್ಲ" ಅಂತ ತಿದ್ದುತ್ತಿದ್ದರು.

ಹೀಗೆ ಓದುವಾಗಲೇ ನಾನು ಈವತ್ತು ಹೇಳಬೇಕೆಂದಿರುವ ವಿಷಯ ಸಿಕ್ಕಿದ್ದು.

ಸದಸ್ಯರ ಟೇಬಲಿನಲ್ಲಿ ಒಂದು ಕುಟುಂಬಕ್ಕೆ ಒಂದು ಸಾಲು. ಯಜಮಾನರ ಹೆಸರು, ವೃತ್ತಿ, ವಿಳಾಸ, ಫೋನು. ಆಮೇಲೆ 'ಪತ್ನಿ' ಎನ್ನುವ ಕಾಲಮ್. ಅದರಲ್ಲಿ ಎಲ್ಲರಿಗೂ 1 ಅಥವಾ 0. ಮೊದಲು ಹೊರತೆಗೆಯುವಾಗ ಏನೋ ತಪ್ಪಾಗಿದೆ ಅಂದುಕೊಂಡೆ. ತಪ್ಪಲ್ಲ. ಫೈಲಿನ ವಿನ್ಯಾಸ ಮಾಡಿದವರು ಅಲ್ಲಿ ಹೆಸರಿಗೆ ಜಾಗವನ್ನೇ ಇಟ್ಟಿರಲಿಲ್ಲ. ಬರೀ ಟಿಕ್ ಮಾಡುವ ಚೌಕ. ಪತ್ನಿ: ಇದ್ದಾರೆ, ಇಲ್ಲ.

ಯಜಮಾನರು ತೀರಿಕೊಂಡರೆ ಆ ಸಾಲಿಗೆ 'ರದ್ದು' ಎಂದು ಬೀಳುತ್ತಿತ್ತು. ಆಮೇಲೆ ಆ ಮನೆಗೆ ಪತ್ರ ಹೋಗುತ್ತಿರಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಂದು ಸಾಲು ಹೋದರೆ ಅದರ ಜೊತೆಗೇ ಆ ಹೆಂಗಸೂ ಹೋಗುತ್ತಾಳೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಇನ್ನು ಎರವಲು ಟೇಬಲ್. "ಹಳೆಯ ಪುಸ್ತಕದ ಲೆಕ್ಕ ಈಗೇಕೆ, ಅದನ್ನು ಬಿಟ್ಟು ಉಳಿದದ್ದು ತನ್ನಿ" ಎಂದು ಸಮಿತಿಯಲ್ಲಿ ಮಾತಾಗಿತ್ತು. ನಾನೂ ಸರಿ ಅಂದಿದ್ದೆ. ಆದರೆ ಕೈ ರೂಢಿ, ಹೊರತೆಗೆಯುವಾಗ ಎಲ್ಲ ಟೇಬಲನ್ನೂ ತೆಗೆದಿದ್ದೆ. ಅದರ ಕೊನೆಯ ಕಾಲಮ್ 'ಷರಾ'. ಪುಸ್ತಕ ಒಯ್ದದ್ದು ಯಜಮಾನರ ಸದಸ್ಯ ಸಂಖ್ಯೆಯಲ್ಲಿ. ಷರಾದಲ್ಲಿ ಅಕ್ಕ ಬರೆದಿದ್ದರು: ಪಾರ್ವತಿ ಒಯ್ದರು. ಸುಮಿತ್ರಾ ಬಂದು ಕೊಟ್ಟರು. ಲೀಲಾ, ಬಾಣಂತನಕ್ಕೆ ಊರಿಗೆ ಹೋಗಿದ್ದಾರೆ, ದಂಡ ಬೇಡ.

"ಇದನ್ನೆಲ್ಲ ಯಾಕೆ ಬರೆದಿರಿ ಅಕ್ಕ?" ಅಂತ ಕೇಳಿದೆ. "ಮತ್ತೆ? ಪುಸ್ತಕ ಓದಿದವರು ಅವರಲ್ವೇ? ಚೌಕದಲ್ಲಿ ಟಿಕ್ ಮಾಡಿದರೆ ಯಾರ ಹತ್ತಿರ ವಾಪಸ್ ಕೇಳಲಿ?" ಅಂದರು. ಅಷ್ಟೇ ಅವರ ಉತ್ತರ.

ಹೊಸದಾಗಿ ಕಟ್ಟುವಾಗ ನಾನು ಹಳೆಯ ನಕ್ಷೆಯನ್ನೇ ಇಳಿಸಲಿಲ್ಲ. ಈಗ ಮನೆಗೊಂದು ಸಾಲು, ಮನುಷ್ಯರಿಗೊಂದು ಸಾಲು, ಬೇರೆ ಬೇರೆ ಟೇಬಲ್. ಒಬ್ಬರ ಸಾಲಿಗೆ ಏನಾದರೂ ಇನ್ನೊಬ್ಬರ ಸಾಲು ಅಳಿಯುವುದಿಲ್ಲ. ಹಳೆಯ ಸದಸ್ಯ ಸಂಖ್ಯೆ, ಪುಸ್ತಕ ಸಂಖ್ಯೆಗಳನ್ನು ಹಾಗೇ ಉಳಿಸಿದೆ. ಹೊಸ ನಂಬರ್ ಕೊಟ್ಟಿದ್ದರೆ ಒಬ್ಬರು ಒಯ್ದ ಪುಸ್ತಕ ಇನ್ನೊಬ್ಬರ ತಲೆಗೆ ಬರುತ್ತಿತ್ತು. ಮೊದಲು ಮನೆ, ಆಮೇಲೆ ಜನ, ಆಮೇಲೆ ಪುಸ್ತಕ, ಕೊನೆಗೆ ಎರವಲು, ಈ ಕ್ರಮದಲ್ಲೇ ತುಂಬಿದೆ. ಇಲ್ಲದ ಮನುಷ್ಯರು ಇಲ್ಲದ ಪುಸ್ತಕ ಒಯ್ದ ಸಾಲುಗಳು ಇದ್ದರೆ ಆಗಲೇ ಗೊತ್ತಾಗುತ್ತದೆ. ಎಲ್ಲ ಈಗ ಎಸ್‌ಕ್ಯೂಲೈಟ್‌ನಲ್ಲಿದೆ. ಅದು 2000ದಿಂದ ಇರುವ, ಯಾರೂ ದುಡ್ಡು ಕೇಳದ, ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ವ್ಯವಸ್ಥೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಹಿತಿ ಜೋಪಾನಕ್ಕೆ ಶಿಫಾರಸು ಮಾಡುವ ರೂಪಗಳಲ್ಲಿ ಅದೂ ಒಂದು. ಹಾಗಂತ ಅದೂ ಶಾಶ್ವತ ಅಲ್ಲ.

ಷರಾದಿಂದ ಹೆಸರುಗಳನ್ನು ಎತ್ತಿ ಒಂದೊಂದೇ ಮನೆಗೆ ಜೋಡಿಸಿದ್ದು ನಮ್ಮ ಮಹಿಳಾ ವಿಭಾಗದ ಆರು ಜನ. 'ರದ್ದು' ಎಂದಿದ್ದ ಮನೆಗಳಿಗೆ ಫೋನ್ ಮಾಡಿದೆವು. ಮುಂಬಯಿಯ ಆ ಕಾಲದ ಏಳಂಕಿಯ ನಂಬರುಗಳು. ಮುಂದೆ 2 ಸೇರಿಸಿ ತಿರುಗಿಸಿದರೆ ಹೆಚ್ಚಿನವು ಅಸ್ತಿತ್ವದಲ್ಲೇ ಇಲ್ಲ. ಕೆಲವು ರಿಂಗಾದವು. ಒಬ್ಬರು ಫೋನ್ ಎತ್ತಿ, ನಾನು ಸಂಘದಿಂದ ಅಂದಾಗ, "ನಮ್ಮವರು ಹೋಗಿ ಎಂಟು ವರ್ಷ ಆಯಿತಲ್ಲಮ್ಮ" ಅಂದರು. "ಇಲ್ಲ ಅಮ್ಮ, ನಿಮ್ಮನ್ನೇ ಕೇಳಿ ಮಾಡಿದ್ದು" ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. ಆಮೇಲೆ, "ಲೈಬ್ರರಿ ಇನ್ನೂ ಇದೆಯೇ?" ಅಂತ ಕೇಳಿದರು. ಅವರು ಇವತ್ತು ಸಭೆಯಲ್ಲಿದ್ದಾರೆ. ಎದ್ದು ನಿಲ್ಲಿ ಅಂತ ನಾನು ಹೇಳುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ.

ಕೊನೆಗೆ ಮೂರು ವಿನಂತಿ. ಒಂದು, ಪ್ರತಿ ವರ್ಷ ಮಹಾಸಭೆಗೆ ಲೆಕ್ಕಪತ್ರ ಸಿದ್ಧ ಮಾಡುವ ಹಾಗೆಯೇ ಎಲ್ಲ ಟೇಬಲುಗಳನ್ನೂ ಸಿಎಸ್‌ವಿಯಾಗಿ ಹೊರತೆಗೆದು ಎರಡು ಕಡೆ ಇಡೋಣ. ಜೊತೆಗೆ ಯಾವ ಕಾಲಮ್ಮಿನಲ್ಲಿ ಏನಿದೆ ಎಂದು ಬರೆದ ಒಂದು ಹಾಳೆ. ತಂತ್ರಾಂಶ ಇನ್ನೂ ತೆರೆಯುತ್ತಿರುವಾಗಲೇ ಇದನ್ನು ಮಾಡಬೇಕು. ಎರಡು, ಇದರಲ್ಲಿ ನಮ್ಮೆಲ್ಲರ ಫೋನು, ವಿಳಾಸ ಇವೆ. ದಯವಿಟ್ಟು ಯಾರೂ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೂರು, ಹೊರಗೆ ಮೇಜಿನ ಮೇಲೆ ಹೊಸ ಪಟ್ಟಿಯ ಪ್ರತಿ ಇದೆ. ಊಟಕ್ಕೆ ಹೋಗುವ ಮುಂಚೆ ನಿಮ್ಮ ಹೆಸರು ನೋಡಿ. ಅರ್ಕಾವತ್ತು ತಪ್ಪಿದ್ದರೆ ಪೆನ್ನಿನಿಂದ ತಿದ್ದಿ. ಹೆಸರೇ ಇಲ್ಲದಿದ್ದರೆ ಬರೆಯಿರಿ.

ಷರಾ ಕಾಲಮ್ ಹೊಸದರಲ್ಲೂ ಇದೆ. ಅಕ್ಕ ಬೇಕೇ ಬೇಕು ಅಂದರು.