ಮುಂದಿನ ಹೆಜ್ಜೆ ಯಾವುದು?



1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ವೈದ್ಯರ ಆದೇಶವನ್ನು ನೆರವೇರಿಸುತ್ತಿದ್ದವರ ಹೆಗಲಿಗೆ ರೋಗಿಯನ್ನು ಪರೀಕ್ಷಿಸುವ, ರೋಗವನ್ನು ಗುರುತಿಸುವ, ಮುಂದೆ ಔಷಧವನ್ನೂ ಬರೆಯುವ ಹೊಣೆ ಹಂತಹಂತವಾಗಿ ಬಂತು. ಆ ಹೊಣೆಯನ್ನು ನರ್ಸ್‌ಗಳು ಹೊರಬಲ್ಲರೇ ಎಂಬ ಅನುಮಾನಕ್ಕೆ 2000ದಲ್ಲಿ ಮೇರಿ ಮುಂಡಿಂಗರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಗಟ್ಟಿ ಉತ್ತರ ಕೊಟ್ಟಿತು: ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿ ಆರು ತಿಂಗಳ ನಂತರ ನೋಡಿದಾಗ, ವೈದ್ಯರ ಬಳಿ ಹೋದವರ ಆರೋಗ್ಯಕ್ಕೂ ನರ್ಸ್ ಪ್ರಾಕ್ಟೀಷನರ್ ಬಳಿ ಹೋದವರ ಆರೋಗ್ಯಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಂದು ನಮ್ಮ ಮುಂದಿರುವುದು ಸಾಮರ್ಥ್ಯದ ಪ್ರಶ್ನೆಯಲ್ಲ, ಸಿದ್ಧತೆಯ ಪ್ರಶ್ನೆ. ಅಮೆರಿಕದ ನರ್ಸ್ ಪ್ರಾಕ್ಟೀಷನರ್ ಅರ್ಹತಾ ಪರೀಕ್ಷೆಗೆ ಬೇಕಾದ ವೈದ್ಯಕೀಯ ಜ್ಞಾನವೆಂದರೆ ಮಾಹಿತಿಯ ರಾಶಿಯಲ್ಲ, ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನದ ಕ್ರಮ. ಇದೇ ನನ್ನ ವಾದ.

ಒಂದು ಮಾದರಿ ಪ್ರಶ್ನೆಯನ್ನು ನೋಡೋಣ. ರೋಗಿ 72 ವರ್ಷದ ಮಹಿಳೆ. ಎರಡು ವಾರಗಳಿಂದ ಒಂದು ಬದಿಯ ಕಣತಲೆಯಲ್ಲಿ ನೋವು, ತಲೆ ಬಾಚಿದರೆ ಉರಿ, ಊಟ ಅಗಿಯುವಾಗ ದವಡೆ ಸೋಲುತ್ತದೆ, ಬೆಳಗ್ಗೆಯಿಂದ ಒಂದು ಕಣ್ಣು ಆಗಾಗ ಮಂಜಾಗುತ್ತಿದೆ. ಮುಂದಿನ ಹೆಜ್ಜೆ ಯಾವುದು? ಆಯ್ಕೆಗಳು ನಾಲ್ಕು: ಮೈಗ್ರೇನ್ ಔಷಧ, ಇಎಸ್‌ಆರ್ ವರದಿ ಬರುವವರೆಗೆ ಕಾಯುವುದು, ಟೆಂಪೊರಲ್ ಅಪಧಮನಿಯ ಬಯಾಪ್ಸಿ ಮುಗಿಸಿ ಚಿಕಿತ್ಸೆ ಕೊಡುವುದು, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ತಕ್ಷಣ ಆರಂಭಿಸುವುದು. ಇದು ಅಪಧಮನಿಗಳ ಉರಿಯೂತವಾದ ಜೈಂಟ್ ಸೆಲ್ ಆರ್ಟರೈಟಿಸ್ ಎಂದು ಗುರುತಿಸಿದವರೂ ಇಲ್ಲಿ ಎಡವುತ್ತಾರೆ. ಇಎಸ್‌ಆರ್ ಬೇಕು, ಬಯಾಪ್ಸಿಯೂ ಬೇಕು. ಪಠ್ಯಪುಸ್ತಕದಲ್ಲಿ ಎರಡೂ ಇವೆ. ಆದರೆ ಚಿಕಿತ್ಸೆ ತಡವಾದರೆ ಹೋದ ದೃಷ್ಟಿ ಮರಳುವುದು ಅಪರೂಪ, ಇನ್ನೊಂದು ಕಣ್ಣೂ ಅದೇ ದಾರಿ ಹಿಡಿಯಬಹುದು. ಸ್ಟೀರಾಯ್ಡ್ ಆರಂಭಿಸಿದ ಒಂದೆರಡು ವಾರ ಬಯಾಪ್ಸಿಯಲ್ಲಿ ರೋಗದ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ. ಕಾದರೆ ಕಣ್ಣು ಹೋಗಬಹುದು, ಕಾಯದಿದ್ದರೆ ರೋಗನಿರ್ಣಯ ಕೈತಪ್ಪುವುದಿಲ್ಲ. ಇವೆರಡನ್ನೂ ಒಟ್ಟಿಗೆ ತೂಗಬಲ್ಲವರಿಗೆ ಉತ್ತರ ಸ್ಪಷ್ಟ. ಲಕ್ಷಣಗಳ ಪಟ್ಟಿಯನ್ನಷ್ಟೇ ಬಲ್ಲವರಿಗೆ ಕೊನೆಯ ಮೂರು ಆಯ್ಕೆಗಳೂ ಸರಿಯೆಂದೇ ಕಾಣುತ್ತವೆ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿ, ವಿದೇಶಕ್ಕೆ ಹೋಗಿ ಈ ಪರೀಕ್ಷೆ ಎದುರಿಸುವವರಿಗೆ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ದೀರ್ಘ ಪ್ರಬಂಧ, ಕಿರು ಪ್ರಬಂಧಗಳ ಉತ್ತರಪತ್ರಿಕೆಯಲ್ಲಿ ಐದನೆಯ ಅಂಶ ಮೊದಲು ಬಂದರೂ ಅಂಕ ಸಿಗುತ್ತದೆ. ರೋಗಿಯ ಹಾಸಿಗೆಯ ಬಳಿ ಅದೇ ತಪ್ಪು. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಎರಡು ವರ್ಷಗಳ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ರೋಗಿಯ ಬಳಿಯೇ ಕಲಿಯುವ ರೆಸಿಡೆನ್ಸಿ ಮಾದರಿಯಲ್ಲಿರುವುದರಿಂದ ಈ ಮಾತು ನಮ್ಮ ನೆಲದ ವಿದ್ಯಾರ್ಥಿಗಳಿಗೂ ಅಷ್ಟೇ ಅನ್ವಯ.

ಅಮೆರಿಕದ ಪರೀಕ್ಷೆ ಅಮೆರಿಕದ ಅಂಕಿಗಳನ್ನು ಕೇಳುತ್ತದೆ, ಅದರಲ್ಲಿ ತರ್ಕಕ್ಕಿಂತ ಬಾಯಿಪಾಠವೇ ಹೆಚ್ಚು ಎಂಬ ಆಕ್ಷೇಪವಿದೆ. ಆಕ್ಷೇಪದಲ್ಲಿ ಹುರುಳಿದೆ. 2017ರ ಅಮೆರಿಕನ್ ಮಾರ್ಗಸೂಚಿಯಂತೆ 130/80ರಿಂದಲೇ ಅಧಿಕ ರಕ್ತದೊತ್ತಡ. ಭಾರತದ ಸಾರ್ವಜನಿಕ ಕಾರ್ಯಕ್ರಮದಲ್ಲಿ ಗೆರೆ 140/90. ಆದರೆ ಗೆರೆಯನ್ನು ಎಳೆಯುವ ತರ್ಕ ಎರಡೂ ಕಡೆ ಒಂದೇ: ಚಿಕಿತ್ಸೆಯ ಲಾಭ ಅದರ ತೊಂದರೆ ಮತ್ತು ವೆಚ್ಚವನ್ನು ಎಲ್ಲಿ ಮೀರುತ್ತದೆ? ಗಂಟಲುನೋವಿನ ಮಗುವನ್ನೇ ತೆಗೆದುಕೊಳ್ಳಿ. ಜ್ವರ, ಟಾನ್ಸಿಲ್ ಮೇಲೆ ಬಿಳಿ ಪೊರೆ, ಕುತ್ತಿಗೆಯ ಮುಂಭಾಗದ ಗಂಟುಗಳಲ್ಲಿ ನೋವು ಇದ್ದು ಕೆಮ್ಮಿಲ್ಲದಿದ್ದರೆ ಸ್ಟ್ರೆಪ್ ಸೋಂಕಿನ ಸಂಶಯ ಬಲವಾಗುತ್ತದೆ. ಕಾಯಿಲೆ ಶುರುವಾಗಿ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ಆ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಮೆರಿಕದಲ್ಲಿ ಈ ಜ್ವರ ಅಪರೂಪ. ನಮ್ಮಲ್ಲಿ ಅದರಿಂದ ಕವಾಟ ಕೆಟ್ಟ ಎಳೆಯ ಹೃದಯಗಳು ಇನ್ನೂ ಆಸ್ಪತ್ರೆಗೆ ಬರುತ್ತಿವೆ. ಪರೀಕ್ಷಾ ವರದಿಗಾಗಿ ಒಂದು ದಿನ ಕಾಯಬಹುದೇ, ರೋಗಿ ಮತ್ತೆ ಬರುತ್ತಾಳೆಂಬ ಭರವಸೆ ಇದೆಯೇ ಎಂಬ ಲೆಕ್ಕ ಊರಿನಿಂದ ಊರಿಗೆ ಬದಲಾಗುತ್ತದೆ. ಕಾರಣ ತಿಳಿದವರು ಎರಡೂ ಕಡೆ ಕೆಲಸ ಮಾಡಬಲ್ಲರು.

ನೆನಪೇ ಇಲ್ಲದೆ ತರ್ಕ ಎಲ್ಲಿಂದ ಬರಬೇಕು ಎಂದೂ ಕೇಳಬಹುದು. ನಿಜ. ಮೂತ್ರಪಿಂಡದ ಕಾರ್ಯವನ್ನು ಅಳೆಯುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಕೊಡಬಾರದು, ಗರ್ಭಿಣಿಗೆ ಎಸಿಇ ಇನ್‌ಹಿಬಿಟರ್ ಸಲ್ಲದು ಎಂಬುದು ನಾಲಿಗೆಯ ತುದಿಯಲ್ಲಿಲ್ಲದವರು ಸುರಕ್ಷಿತವಾಗಿ ಯೋಚಿಸಲಾರರು. ವಿವಾದವಿರುವುದು ನೆನಪಿಡುವ ವಿಧಾನದಲ್ಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಠ್ಯವನ್ನು ಮತ್ತೆ ಓದಿಸಿದರು, ಇನ್ನೊಂದಕ್ಕೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಮರು ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಗೆರೆ ಎಳೆದ ಪುಸ್ತಕವನ್ನು ಮೂರನೆಯ ಸಲ ಓದಿದಾಗ ಎಲ್ಲ ಗೊತ್ತು ಎಂಬ ಭಾವ ಬರುತ್ತದಲ್ಲ, ಆ ನೆಮ್ಮದಿಯೇ ಅಪಾಯಕಾರಿ.

ಬಹು ಆಯ್ಕೆಯ ಪ್ರಶ್ನೆ ಒಳ್ಳೆಯ ಚಿಕಿತ್ಸಕಿಯನ್ನು ಗುರುತಿಸಲಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಟ್ಟೆ ಮುಟ್ಟಿ ನೋಡುವ ಕೈ, ಹೆದರಿದ ತಾಯಿಯ ಮಾತಿಗೆ ಕೊಡುವ ಕಿವಿ ಅದರ ಅಳತೆಗೆ ಸಿಗುವುದಿಲ್ಲ. ಅದು ಕಾಯುವುದು ಹೊಸ್ತಿಲನ್ನು ಮಾತ್ರ: ಅಪಾಯದ ಗುರುತನ್ನು ಕಾಣದೆ ದಾಟಿಹೋಗುವವರನ್ನು ತಡೆಯುವುದು. ಅಷ್ಟು ಕೆಲಸವನ್ನು ಅದು ಮಾಡಬಲ್ಲದು. ಉಳಿದದ್ದಕ್ಕೆ ಮೇಲ್ವಿಚಾರಣೆಯಲ್ಲಿ ಕಳೆಯುವ ಕ್ಲಿನಿಕಲ್ ಗಂಟೆಗಳೇ ಬೇಕು. ಅವುಗಳಲ್ಲಿ ಕಡಿತ ಮಾಡುವ ಯಾವ ಸಂಸ್ಥೆಯನ್ನೂ ನಾವು ಸಮರ್ಥಿಸಬಾರದು.

ಮುಂದಿನ ಗೋಷ್ಠಿಗಳಿಗೆ ನನ್ನದೊಂದು ಕೋರಿಕೆ. ಪ್ರತಿ ವಿಷಯದಲ್ಲೂ ಅಧ್ಯಾಪಕರು ಪ್ರಶ್ನೆಗಳನ್ನು ಬರೆಯಲಿ. ವಿದ್ಯಾರ್ಥಿಯಿಂದ ಸರಿ ಉತ್ತರವನ್ನಷ್ಟೇ ಪಡೆಯದೆ, ಉಳಿದ ಮೂರನ್ನು ಈ ರೋಗಿಗೆ, ಈ ಗಳಿಗೆಯಲ್ಲಿ ಏಕೆ ಬಿಟ್ಟಳೆಂದು ಬಾಯಿಬಿಟ್ಟು ಹೇಳಿಸಲಿ. ಆಮೇಲೆ ರೋಗಿಯ ವಯಸ್ಸನ್ನೋ ಮೂತ್ರಪಿಂಡದ ವರದಿಯನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿ.