ಬರಿದಾದ ಬೊಕ್ಕಸದ ಮೈತ್ರಿ

ಬೆಳ್ತಂಗಡಿಯ ಈ ವೇದಿಕೆಗೆ ಜಮಾಲಾಬಾದಿನ ಗಡಾಯಿಕಲ್ಲು ದೂರವಲ್ಲ. ಅಲ್ಲಿ ಕೋಟೆ ಕಟ್ಟಿಸಿದ ಟಿಪ್ಪು ಸುಲ್ತಾನರು ಅದಕ್ಕೆ ಮುಂಚೆಯೇ ಬ್ರಿಟಿಷರ ವಿರುದ್ಧ ಸೇನಾ ನೆರವು ಕೋರಿ ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದ್ದರು. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿಯು ವರ್ಸೇಲ್ಸಿನಲ್ಲಿ ಅವರನ್ನು ವೈಭವದಿಂದ ಬರಮಾಡಿಕೊಂಡನು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ದರ್ಬಾರನ್ನಷ್ಟೇ. ಆದರೆ ದೊರೆಯ ಬೊಕ್ಕಸ ಬರಿದಾಗಿತ್ತು. ಕುಲೀನರ ಮೇಲೂ ತೆರಿಗೆ ಹೇರುವ ಸುಧಾರಣೆಗೆ ಕುಲೀನರೇ ಅಡ್ಡ ನಿಂತಿದ್ದರು. ಆರೇ ದಿನಗಳಲ್ಲಿ ಸರಕಾರವು ನಗದು ಪಾವತಿಯನ್ನು ಭಾಗಶಃ ತಡೆಹಿಡಿಯಿತು. ಇಂಥವನು ಸಮುದ್ರದಾಚೆಗೆ ಸೈನ್ಯ ಕಳುಹಿಸಿಯಾನೇ? ಸುಲ್ತಾನರಿಗೆ ಸಿಕ್ಕಿದ್ದು ಕೆಲವು ಕುಶಲಕರ್ಮಿಗಳು. ಅತ್ತ ಅಮೆರಿಕವನ್ನು ಕಳೆದುಕೊಂಡ ಬ್ರಿಟನ್ 1784ರಲ್ಲೇ ಕಾಯಿದೆ ಮಾಡಿ ಕಂಪನಿಯನ್ನು ತನ್ನ ಹತೋಟಿಗೆ ತಂದುಕೊಂಡಿತ್ತು. 1792ರಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನು ಬಿಟ್ಟುಕೊಡುವಾಗ ಫ್ರಾನ್ಸು ತನ್ನದೇ ಕ್ರಾಂತಿಯಲ್ಲಿ ಮುಳುಗಿತ್ತು.